ಪರದೆ ಮುಂದೆ ನೇರ ಹೋದ ಡ್ರೈವರ್ ಕೋರ್ಸಿನಲ್ಲಿ ಯಾಕೆ ಬಲಕ್ಕೆ ಹೋಗುತ್ತೆ?

ಅರ್ಧ ಲಕ್ಷ ದಾಟಿದ ಡ್ರೈವರ್, ಅಂದರೆ ಗಾಲ್ಫಿನಲ್ಲಿ ದೂರದ ಮೊದಲ ಹೊಡೆತಕ್ಕೆ ಹಿಡಿಯುವ ಉದ್ದನೆಯ ಕ್ಲಬ್. ಒಂದೂವರೆ ಗಂಟೆ ಫಿಟ್ಟಿಂಗ್ (ಪರದೆ ಮುಂದೆ ಹೊಡೆಸಿ, ಯಂತ್ರದಲ್ಲಿ ಅಳೆದು, ಮೈಗೆ ಒಗ್ಗುವ ಕ್ಲಬ್ ಆರಿಸುವುದು), ಮೂರು ಹೆಡ್, ಐದಾರು ಶಾಫ್ಟ್ (ಕ್ಲಬ್ಬಿನ ಕೋಲು), ಕೊನೆಗೆ ಕೈಗೆ ಬಂದ ಹಾಳೆಯಲ್ಲಿ 225 ಗಜದ ಕ್ಯಾರಿ, ಅಂದರೆ ಚೆಂಡು ನೆಲ ಮುಟ್ಟುವ ಮೊದಲು ಸಾಗುವ ದೂರ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದು ಕವರ್ ಹೊದ್ದು ಬ್ಯಾಗಿನಲ್ಲಿ ಮಲಗಿರುತ್ತದೆ, ಟೀ ಮೇಲೆ (ಮೊದಲ ಹೊಡೆತ ಹೊಡೆಯುವ ಜಾಗ) ಕೈಗೆ ಬರುವುದು ಅದಕ್ಕಿಂತ ಗಿಡ್ಡ ಕ್ಲಬ್ಬಾದ ಹಳೆಯ ತ್ರೀ ವುಡ್. ಬೆಂಗಳೂರಿನ ಸುತ್ತಲಿನ ಗಾಲ್ಫ್ ಕೋರ್ಸುಗಳಲ್ಲಿ, ಕೆಜಿಎ, ಹೈಗ್ರೌಂಡ್ಸ್, ಬಿಡದಿ, ನಂದಿಬೆಟ್ಟದ ತಪ್ಪಲು, ಎಲ್ಲಿ ಹೋದರೂ ಈ ಮಾತು ಕೇಳುತ್ತದೆ. ಕೇಳಿದವರು ಕೊಡುವ ಉತ್ತರ ಎರಡೇ: 'ಫಿಟ್ಟಿಂಗ್ ಅನ್ನೋದೇ ಮೋಸ' ಅಥವಾ 'ನಿಮ್ಮ ಸ್ವಿಂಗ್ ಸರಿ ಇಲ್ಲ'. ಎರಡನ್ನೂ ನಾನು ಒಪ್ಪುವುದಿಲ್ಲ. ಬಹಳಷ್ಟು ಸಲ ಕ್ಲಬ್ಬೂ ಸರಿ ಇರುತ್ತದೆ, ಸ್ವಿಂಗೂ ಎಂದಿನಂತೆಯೇ ಇರುತ್ತದೆ. ಅಳತೆ ಕೊಟ್ಟ ಹೊತ್ತೇ ಬೇರೆ.

ಟೈಲರ್ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತು ಅಳತೆ ಕೊಟ್ಟರೆ, ಊಟ ಮಾಡಿ ಕೂತಾಗ ಆ ಅಂಗಿಯ ಗುಂಡಿ ಕಿತ್ತು ಬರುತ್ತದೆ. ಫಿಟ್ಟಿಂಗ್ ಬೇ, ಅಂದರೆ ಪರದೆ ಮುಂದೆ ಹೊಡೆಸುವ ಜಾಗದಲ್ಲೂ ಆಗುವುದು ಇದೇ. ಮಟ್ಟಸವಾದ ನೆಲ, ದಿಕ್ಕು ತೋರಿಸುವ ಗೆರೆಗಳಿರುವ ಮ್ಯಾಟ್, ಚೆಂಡು ಕೂರಿಸಲು ಪ್ರತಿ ಸಲ ಅದೇ ಎತ್ತರದ ರಬ್ಬರ್ ಟೀ, ಗಾಳಿ ಇಲ್ಲ, ಮರ ಇಲ್ಲ. ಒಂದರ ಹಿಂದೆ ಒಂದು ನಲವತ್ತು ಹೊಡೆತ. ಇಪ್ಪತ್ತನೆಯದರ ಹೊತ್ತಿಗೆ ಮೈ ಬಿಸಿಯಾಗಿ ಲಯ ಸಿಕ್ಕಿರುತ್ತದೆ, ಕ್ಲಬ್‌ಹೆಡ್ ವೇಗ ಗಂಟೆಗೆ 99-100 ಮೈಲಿಗೆ ಏರಿರುತ್ತದೆ. ಶಾಫ್ಟ್ ಆರಿಸುವುದು ಆ ವೇಗಕ್ಕೆ. ಅದೇ ಮನುಷ್ಯ ಬೆಳಿಗ್ಗೆ ಆರೂಕಾಲಿಗೆ, ಚಳಿಯಲ್ಲಿ, ಮೊದಲ ಟೀ ಮೇಲೆ ಹಿಂದೆ ನಾಲ್ಕು ಜನ ನೋಡುತ್ತಿರುವಾಗ ಬೀಸುವುದು 93ಕ್ಕೋ 94ಕ್ಕೋ. ಆಮೇಲೆ ಇನ್ನೊಂದು ಡ್ರೈವ್‌ಗೆ ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. 18 ಹೋಲ್‌ಗಳಲ್ಲಿ ನಾಲ್ಕು ಪಾರ್-ತ್ರೀ (ಡ್ರೈವರ್ ಬೇಕಿಲ್ಲದ ಗಿಡ್ಡ ಹೋಲ್) ಇರುವ ಕೋರ್ಸಿನಲ್ಲಿ ಇಡೀ ಸುತ್ತಿಗೆ ಸಿಗುವುದು 14 ಡ್ರೈವ್ ಮಾತ್ರ, ಅವೂ ಬಿಡಿಬಿಡಿಯಾಗಿ.

ಆ ಹಾಳೆಯ ಸರಾಸರಿಯನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. 'ಇದು ಮಿಸ್‌ಹಿಟ್, ಬಿಡಿ ಸರ್' ಎಂದು ಕೆಟ್ಟ ಹೊಡೆತಗಳನ್ನು ಅಳಿಸುವ ರೂಢಿ ಇದೆ. ಉಳಿದ ಐದಾರು ಒಳ್ಳೆಯ ಹೊಡೆತಗಳ ಸರಾಸರಿಯನ್ನು ನಿಮ್ಮ ದೂರ ಎಂದು ಬರೆಯುತ್ತಾರೆ. ಅಳಿಸಿದ್ದು ಯಾವುದನ್ನು? ಕೋರ್ಸಿನಲ್ಲಿ ನಿಮ್ಮ ಸ್ಕೋರ್ ಹಾಳುಮಾಡುವ ಹೊಡೆತವನ್ನೇ. ನನ್ನ ಮಟ್ಟಿಗೆ ಇಡೀ ಫಿಟ್ಟಿಂಗಿನಲ್ಲಿ ಅತಿ ಮುಖ್ಯ ಮಾಹಿತಿ ಅದು. ಎಲ್ಲ ಹೊಡೆತಗಳೂ ಇರುವ ಚಿತ್ರ ಕೇಳಿ ಪಡೆಯಿರಿ, ಎಡ ಬಲಕ್ಕೆ ಚೆಂಡುಗಳು ಎಷ್ಟು ಅಗಲಕ್ಕೆ ಚದುರಿವೆ ನೋಡಿ. ಹಳೆಯ ಡ್ರೈವರನ್ನೂ ಜೊತೆಗೆ ಒಯ್ದು, ಹೊಸದರಲ್ಲಿ ಮೂರು, ಹಳೆಯದರಲ್ಲಿ ಮೂರು ಎಂದು ಸರದಿಯಲ್ಲಿ ಹೊಡೆಯಿರಿ. ಹಳೆಯದನ್ನು ಮೈ ಬಿಸಿಯಾಗುವ ಮೊದಲೇ ನಾಲ್ಕು ಸಲ ಹೊಡೆಸಿ ಪಕ್ಕಕ್ಕಿಟ್ಟರೆ ಅದು ಹೋಲಿಕೆಯೇ ಅಲ್ಲ.

ಈಗ ಬೆಂಗಳೂರಿನ ವಿಷಯ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಅಂದರೆ ಮೂರು ಸಾವಿರ ಅಡಿ ಎತ್ತರದಲ್ಲಿದೆ. ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ. 9ರ ಆಸುಪಾಸು ಕಡಿಮೆ. ಡ್ರೈವರ್ ಚೆಂಡು ಶೇ. 3ರಿಂದ 4ರಷ್ಟು ಹೆಚ್ಚು ದೂರ ಹೋಗುತ್ತದೆ, ಬಾಗುವುದೂ ತುಸು ಕಡಿಮೆ. ಹೊಡೆತ ಅಳೆಯುವ ಯಂತ್ರವಾದ ಲಾಂಚ್ ಮಾನಿಟರಿನಲ್ಲಿ ಎತ್ತರವನ್ನೂ ಉಷ್ಣತೆಯನ್ನೂ ಬದಲಾಯಿಸಬಹುದು, ಸಮುದ್ರಮಟ್ಟಕ್ಕೂ ಇಡಬಹುದು, ನಮ್ಮ ಊರಿಗೂ ಇಡಬಹುದು. ಯಾವುದಕ್ಕೆ ಇಟ್ಟಿದ್ದಾರೆ ಎಂದು ಕೇಳದಿದ್ದರೆ ಏಳೆಂಟು ಗಜದ ವ್ಯತ್ಯಾಸ ಅಲ್ಲೇ ನುಗ್ಗಿಬಿಡುತ್ತದೆ. ಇಲ್ಲಿ ಸರಿಹೋದ ಡ್ರೈವರ್ ಮಂಗಳೂರಿನಲ್ಲೋ ಚೆನ್ನೈನಲ್ಲೋ ಗಿಡ್ಡವಾಗಿ, ಹೆಚ್ಚು ಬಾಗಿ ಹೋದರೆ ಗಾಬರಿ ಬೇಡ.

ಎತ್ತರಕ್ಕಿಂತ ದೊಡ್ಡ ಮೋಸ ರೋಲಿನದು. ಹಾಳೆಯ 'ಟೋಟಲ್' ಎಂಬ ಅಂಕಿ ಗಟ್ಟಿ ಫೇರ್‌ವೇ ಮೇಲೆ ಚೆಂಡು ಉರುಳುತ್ತದೆ ಎಂದು ಊಹಿಸಿ ಲೆಕ್ಕ ಹಾಕಿದ್ದು. ಮಾರ್ಚ್, ಏಪ್ರಿಲಿನ ಒಣ ನೆಲದಲ್ಲಿ ಅದು ನಿಜವಾಗಬಹುದು. ಸೆಪ್ಟೆಂಬರಿನಲ್ಲಿ ರಾತ್ರಿಯೆಲ್ಲ ಸುರಿದ ಮಳೆಯ ಮರುದಿನ ಚೆಂಡು ಬಿದ್ದಲ್ಲೇ ಕೂರುತ್ತದೆ. ಸ್ಪಿನ್ ತೀರಾ ಇಳಿಸಿ, ನಿಮಿಷಕ್ಕೆ 1800 ಸುತ್ತಿನ ಹತ್ತಿರ ತಂದು, 'ನೋಡಿ ಎಷ್ಟು ದೂರ' ಎಂದು ತೋರಿಸಿದ ಸೆಟಪ್ ಮಳೆಗಾಲದಲ್ಲಿ ಕೈಕೊಡುವುದು ಇದಕ್ಕೇ. ಅಷ್ಟು ಕಡಿಮೆ ಸ್ಪಿನ್ ಇದ್ದರೆ ಚೆಂಡು ಆಕಾಶದಲ್ಲಿ ನಿಲ್ಲದೆ ಬಿದ್ದುಹೋಗುತ್ತದೆ. 95 ಮೈಲಿ ವೇಗದವರಿಗೆ 13-14 ಡಿಗ್ರಿ ಲಾಂಚ್ (ಚೆಂಡು ಮೇಲೇಳುವ ಕೋನ), 2400ರಿಂದ 2700 ಸ್ಪಿನ್ ಒಳ್ಳೆಯ ಗುರಿ. ಟೋಟಲ್ ಮರೆತು ಕ್ಯಾರಿ ನೋಡಿ. ಸ್ಪಿನ್ ಅಂಕಿ ನಿಜವಾಗಿ ಅಳೆದದ್ದೇ ಅಥವಾ ಯಂತ್ರ ಅಂದಾಜು ಮಾಡಿದ್ದೇ ಎಂದೂ ಕೇಳಬೇಕು. ಒಳಾಂಗಣದಲ್ಲಿ ಕೆಲವು ರಾಡಾರ್ ಯಂತ್ರಗಳಿಗೆ ಸ್ಪಿನ್ ಸರಿಯಾಗಿ ಹಿಡಿಯಲು ಲೋಹದ ಚುಕ್ಕಿ ಅಂಟಿಸಿದ ಚೆಂಡು ಅಥವಾ ಅದಕ್ಕೆಂದೇ ಮಾಡಿದ ಚೆಂಡು ಬೇಕು. ರೇಂಜಿನ, ಅಂದರೆ ಅಭ್ಯಾಸದ ಮೈದಾನದ, ಸವೆದ ಚೆಂಡಿನಲ್ಲಿ ಮಾಡಿದ ಫಿಟ್ಟಿಂಗ್ ಆದರೆ ಆ ಅಂಕಿಗಳನ್ನು ನಂಬುವುದೇ ಬೇಡ.

ಇನ್ನು ಆಷಾಢದ ಗಾಳಿ. ಜೂನ್, ಜುಲೈನಲ್ಲಿ ಪಶ್ಚಿಮದಿಂದ ಬೀಸುವ ಆ ಗಾಳಿಗೆ ಎದುರಾಗಿ ನಿಂತ ಕೂಡಲೇ ಎಲ್ಲರೂ ಮಾಡುವುದು ಎರಡು ಕೆಲಸ: ಟೀ ಕೆಳಗಿಳಿಸುತ್ತಾರೆ, ಜೋರಾಗಿ ಹೊಡೆಯುತ್ತಾರೆ. ಟೀ ಕೆಳಗಿಳಿದರೆ ಚೆಂಡು ಕ್ಲಬ್ಬಿನ ಮುಖದ ಕೆಳಭಾಗಕ್ಕೆ ತಗಲುತ್ತದೆ, ಅಲ್ಲಿ ತಗಲಿದರೆ ಸ್ಪಿನ್ ಏರುತ್ತದೆ. ಜೋರಾಗಿ ಮೇಲಿನಿಂದ ಕಡಿದರೆ ಇನ್ನೂ ಏರುತ್ತದೆ. ಚೆಂಡು ಗಾಳಿಪಟದ ಹಾಗೆ ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಆಗ 'ಲಾಫ್ಟ್ (ಕ್ಲಬ್ ಮುಖದ ಓರೆ) ಜಾಸ್ತಿ ಆಯ್ತು' ಎಂದು ಹೊಸ ಡ್ರೈವರನ್ನು ಬೈಯುವುದು ತಪ್ಪು. ಅರ್ಧ ಚೆಂಡು ಕ್ಲಬ್ಬಿನ ನೆತ್ತಿಗಿಂತ ಮೇಲೆ ಕಾಣುವಂತೆ ಟೀ ಅದೇ ಎತ್ತರದಲ್ಲಿ ಇರಲಿ. ಹಿಡಿತ ಒಂದಿಂಚು ಕೆಳಗೆ ಹಿಡಿದು ಮುಕ್ಕಾಲು ವೇಗದಲ್ಲಿ ಬೀಸಿ ನೋಡಿ.

ಬಲಕ್ಕೆ ಹೋಗುವ ಚೆಂಡಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಬರೆಯುವುದೆಲ್ಲ ಬಲಗೈ ಆಟಗಾರರ ಲೆಕ್ಕ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಮುಖ್ಯವಾಗಿ ಮುಖದ ಕೋನ ತೀರ್ಮಾನಿಸುತ್ತದೆ. ಒಂದು ಡಿಗ್ರಿ ತಪ್ಪಿದರೆ 225 ಗಜದಲ್ಲಿ ಸುಮಾರು ನಾಲ್ಕು ಗಜ, ಅದೂ ಚೆಂಡು ಬಾಗದೇ ಹೋದರೆ. ಹೊರಟ ಮೇಲೆ ಹೇಗೆ ಬಾಗುತ್ತದೆ ಎಂಬುದರಲ್ಲಿ ಮುಖಕ್ಕೂ ಸ್ವಿಂಗ್ ದಾರಿಗೂ ಇರುವ ಅಂತರದ ಜೊತೆಗೆ ಚೆಂಡು ಮುಖದ ಎಲ್ಲಿ ತಗಲಿತು ಎಂಬುದರ ಪಾಲೂ ದೊಡ್ಡದು. ಹೀಲ್ ಕಡೆ (ಶಾಫ್ಟಿನ ಹತ್ತಿರದ ತುದಿ) ತಗಲಿದರೆ ಬಲಕ್ಕೆ ಬಾಗುತ್ತದೆ, ಟೋ ಕಡೆ (ಆಚೆ ತುದಿ) ತಗಲಿದರೆ ಎಡಕ್ಕೆ. ಇದೇ ಗಿಯರ್ ಎಫೆಕ್ಟ್. ಹೀಲ್‌ಗೆ ಹೊಡೆದುಕೊಂಡು ಸ್ಲೈಸ್ (ಬಲಕ್ಕೆ ಬಾಗುವ ಹೊಡೆತ) ಆಗುತ್ತಿರುವವರು ಸ್ವಿಂಗ್ ದಾರಿ ತಿದ್ದಲು ತಿಂಗಳುಗಟ್ಟಲೆ ಒದ್ದಾಡುವುದು ನೋಡಿದರೆ ಸಂಕಟವಾಗುತ್ತದೆ, ಏಕೆಂದರೆ ಪರೀಕ್ಷೆ ಇಷ್ಟು ಸುಲಭ: ವೈಟ್‌ಬೋರ್ಡ್ ಮಾರ್ಕರಿನಿಂದ ಚೆಂಡಿನ ಹಿಂಬದಿಯಲ್ಲಿ ದಪ್ಪ ಚುಕ್ಕೆ ಇಡಿ, ಆ ಚುಕ್ಕೆ ಕ್ಲಬ್ಬಿನ ಮುಖ ನೋಡುವಂತೆ ಟೀ ಮೇಲೆ ಕೂರಿಸಿ ಹೊಡೆಯಿರಿ. ಮುಖದ ಮೇಲೆ ಗುರುತು ಬೀಳುತ್ತದೆ. ಫೋನಿನಲ್ಲಿ ಫೋಟೊ ತೆಗೆದು ಒರೆಸಿ. ರೇಂಜಿನಲ್ಲಿ ಹತ್ತು ಹೊಡೆತ ಸಾಕು. ಕಾಂಪಿಟಿಷನ್ ಸುತ್ತಿನಲ್ಲಿ ಮಾತ್ರ ಮುಖಕ್ಕೆ ಏನನ್ನೂ ಹಚ್ಚುವ ಹಾಗಿಲ್ಲ.

ದೂರ ಕಳೆದುಹೋಗುವುದೂ ಇಲ್ಲೇ. 95 ಮೈಲಿ ವೇಗದಲ್ಲಿ ಸ್ಮ್ಯಾಶ್ ಫ್ಯಾಕ್ಟರ್ (ಚೆಂಡಿನ ವೇಗ ಕ್ಲಬ್ ವೇಗದ ಎಷ್ಟು ಪಟ್ಟು ಎಂಬ ಅಂಕಿ) 1.48 ಇದ್ದರೆ ಚೆಂಡಿನ ವೇಗ 140 ಮೈಲಿ ದಾಟುತ್ತದೆ. ಮಧ್ಯ ತಪ್ಪಿ ಅದು 1.40ಕ್ಕೆ ಇಳಿದರೆ 133. ಚೆಂಡಿನ ವೇಗದ ಒಂದು ಮೈಲಿಗೆ ಸುಮಾರು ಎರಡು ಗಜ ಎಂದಿಟ್ಟುಕೊಳ್ಳಿ, ಹದಿನೈದು ಗಜ ಹೋಯಿತು. ಯಾವ ಶಾಫ್ಟ್ ಬದಲಾವಣೆಯೂ ಸುಲಭಕ್ಕೆ ಹದಿನೈದು ಗಜ ಕೊಡುವುದಿಲ್ಲ.

ಹಾಗಾದರೆ ಬೇಯಲ್ಲಿ ಮಧ್ಯಕ್ಕೆ ತಗಲಿದ್ದು ಕೋರ್ಸಿನಲ್ಲಿ ಹೀಲ್‌ಗೆ ಯಾಕೆ? ನಾನು ಮೊದಲು ಅನುಮಾನಿಸುವುದು ಉದ್ದವನ್ನು. ಅಂಗಡಿಯ ಡ್ರೈವರ್‌ಗಳು ಸಾಮಾನ್ಯವಾಗಿ 45.5ರಿಂದ 46 ಇಂಚು. ನಿಯಮದ ಮಿತಿ 48 ಇಂಚು, ವೃತ್ತಿಪರ ಟೂರ್ನಿಗಳಿಗೆ ಅದನ್ನು 46ಕ್ಕೆ ಇಳಿಸಬಹುದಾದ ಸ್ಥಳೀಯ ನಿಯಮ 2022ರ ಜನವರಿಯಿಂದ ಇದೆ. ದಿನಾ ಆಡುವ ವೃತ್ತಿಪರರಲ್ಲೇ ಎಷ್ಟೋ ಜನ 45 ಅಥವಾ ಅದಕ್ಕಿಂತ ಗಿಡ್ಡ ಡ್ರೈವರ್ ಹಿಡಿಯುತ್ತಾರೆ. ವಾರಕ್ಕೊಂದು ಸಲ, ಶನಿವಾರ ಬೆಳಿಗ್ಗೆ ಆಡುವವರಿಗೆ 45.75 ಇಂಚು ಯಾಕೆ ಬೇಕು? ಲಯ ಸಿಕ್ಕಾಗ ಉದ್ದದ ಕ್ಲಬ್ ಒಂದಿಷ್ಟು ವೇಗ ಕೊಡುತ್ತದೆ, ಲಯ ಇಲ್ಲದಾಗ ಮಧ್ಯ ತಪ್ಪಿಸುತ್ತದೆ. ದೂರವೇ ಎಲ್ಲ ಅಲ್ಲ ಎನ್ನುವುದಕ್ಕೆ ನಮ್ಮೂರಿನ ಅದಿತಿ ಅಶೋಕ್ ಅವರೇ ಇದ್ದಾರೆ. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಮುಗಿಸಿದಾಗ, ಅಲ್ಲಿ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರ ಸಾಲಿನಲ್ಲಿ ಅವರಿದ್ದರು.

ಆದರೆ ಉದ್ದವನ್ನು ಕತ್ತರಿಸಲು ಓಡಬೇಡಿ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್ ವೇಟ್ (ಬೀಸುವಾಗ ಹೆಡ್ ಎಷ್ಟು ಭಾರ ಅನ್ನಿಸುತ್ತದೆ ಎಂಬುದರ ಅಳತೆ) ಸುಮಾರು ಮೂರು ಪಾಯಿಂಟ್ ಇಳಿಯುತ್ತದೆ, ಹೆಡ್ ಎಲ್ಲಿದೆ ಎಂಬ ಅನುಭವವೇ ಕೈಗೆ ಸಿಗದಂತಾಗುತ್ತದೆ. ಮೊದಲು ಗ್ರಿಪ್ಪಿನ ಮೇಲೆ ತುದಿಯಿಂದ ಮುಕ್ಕಾಲು ಇಂಚು ಕೆಳಗೆ ತೆಳ್ಳನೆಯ ಟೇಪ್ ಸುತ್ತಿ ಗುರುತು ಮಾಡಿಕೊಂಡು, ಅದರ ಕೆಳಗೆ ಹಿಡಿದು ರೇಂಜಿನಲ್ಲಿ ಅಭ್ಯಾಸ ಮಾಡಿ. ಮುಖದ ಗುರುತುಗಳು ಮಧ್ಯಕ್ಕೆ ಸರಿದರೆ ಉತ್ತರ ಸಿಕ್ಕಿತು. ಹೆಡ್ ಹಗುರ ಅನ್ನಿಸಿದರೆ ಸೋಲ್ (ಹೆಡ್ಡಿನ ತಳ) ಮೇಲೆ ಲೆಡ್ ಟೇಪ್ (ಸೀಸದ ಪಟ್ಟಿ) ಅಂಟಿಸಿ, 2 ಗ್ರಾಂಗೆ ಒಂದು ಪಾಯಿಂಟ್. ಎರಡು ಗ್ರಾಂ ಅಡುಗೆಮನೆಯ ತಕ್ಕಡಿಗೆ ಸರಿಯಾಗಿ ಸಿಗುವುದಿಲ್ಲ, ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಬೇಕು.

ಮನೆಗೆ ಬಂದ ಕ್ಲಬ್ ಬೇಯಲ್ಲಿ ಹೊಡೆದ ಕ್ಲಬ್ಬೇ ಹೌದೋ ಅಲ್ಲವೋ, ಇದನ್ನು ಯಾರೂ ನೋಡುವುದಿಲ್ಲ. ಬೇಯಲ್ಲಿ ಹೊಡೆದದ್ದು ಜೋಡಿಸಿ ಬಿಚ್ಚುವ ಡೆಮೊ ಶಾಫ್ಟ್, 50 ಗ್ರಾಂ ಗ್ರಿಪ್. ಆರ್ಡರ್ ಕೊಡುವಾಗ 'ಕೈಗೆ ದಪ್ಪ ಇರಲಿ' ಎಂದು ಮಿಡ್‌ಸೈಜ್ ಗ್ರಿಪ್ ಹೇಳಿರುತ್ತೀರಿ, ಅದು 60 ದಾಟಿರುತ್ತದೆ. ಗ್ರಿಪ್ ತೂಕ ಪ್ರತಿ 4-5 ಗ್ರಾಂ ಏರಿದಾಗ ಸ್ವಿಂಗ್ ವೇಟ್ ಒಂದು ಪಾಯಿಂಟ್ ಇಳಿಯುತ್ತದೆ. ಶಾಫ್ಟಿನ ಮೇಲೆ 'ಸ್ಟಿಫ್' (ಕಡಿಮೆ ಬಾಗುವಂಥದ್ದು) ಎಂದು ಬರೆದಿರುವುದಕ್ಕೂ ಸರ್ವಮಾನ್ಯ ಅಳತೆ ಇಲ್ಲ, ಒಬ್ಬರ ಸ್ಟಿಫ್ ಇನ್ನೊಬ್ಬರ ರೆಗ್ಯುಲರ್. ಅದೇ ಹೆಸರು, ಅದೇ ಬಣ್ಣದ ಶಾಫ್ಟ್ ಕೂಡ ಕಂಪನಿ ಕ್ಲಬ್ ಜೊತೆ ಬರುವಾಗ ಒಂದು ಬಗೆ, ಬಿಡಿಯಾಗಿ ಕೊಂಡಾಗ ಇನ್ನೊಂದು ಬಗೆ ಇರಬಹುದು. ಹೆಡ್ ಮೇಲೆ 10.5 ಎಂದಿದ್ದರೂ ನಿಜವಾದ ಲಾಫ್ಟ್ ಒಂದು ಡಿಗ್ರಿ ಆಚೀಚೆ ಇರುವುದು ಅಪರೂಪವಲ್ಲ. ಆದ್ದರಿಂದ ಡೆಲಿವರಿ ತೆಗೆದುಕೊಳ್ಳುವಾಗಲೇ ಉದ್ದ, ಒಟ್ಟು ತೂಕ, ಸ್ವಿಂಗ್ ವೇಟ್, ಲಾಫ್ಟ್ ನಾಲ್ಕನ್ನೂ ನಿಮ್ಮೆದುರೇ ಅಳೆಸಿ, ಫಿಟ್ಟಿಂಗ್ ದಿನದ ಅಳತೆಯ ಪಕ್ಕದಲ್ಲಿ ಬರೆಸಿಕೊಳ್ಳಿ. ಇಷ್ಟು ದುಡ್ಡು ಕೊಟ್ಟವರಿಗೆ ಇದನ್ನು ಕೇಳಲು ಸಂಕೋಚ ಬೇಡ.

ಸ್ಲೀವ್ (ಶಾಫ್ಟನ್ನು ಹೆಡ್ಡಿಗೆ ಕೂಡಿಸುವ, ತಿರುಗಿಸಿ ಲಾಫ್ಟ್ ಬದಲಿಸಬಹುದಾದ ಭಾಗ) ತಿರುಗಿಸುವವರಿಗೆ ಒಂದು ಮಾತು. ಲಾಫ್ಟ್ ಏರಿಸಿದರೆ ಮುಖ ಎಡಕ್ಕೆ ಮುಚ್ಚಿಕೊಳ್ಳುತ್ತದೆ, ಇಳಿಸಿದರೆ ಬಲಕ್ಕೆ ತೆರೆದುಕೊಳ್ಳುತ್ತದೆ. ಚೆಂಡು ಎತ್ತರ ಹೋಗುತ್ತಿದೆ ಎಂದು ಲಾಫ್ಟ್ ಇಳಿಸಿದ ಸ್ಲೈಸ್ ಆಟಗಾರ ತನ್ನ ಸ್ಲೈಸನ್ನು ತಾನೇ ದೊಡ್ಡದು ಮಾಡಿಕೊಂಡ ಹಾಗಾಯಿತು. ಜರುಗಿಸುವ ತೂಕ ಇರುವ ಹೆಡ್ ಆದರೆ, ಗುರುತುಗಳು ಹೀಲ್ ಕಡೆ ಬೀಳುತ್ತಿರುವವರು ತೂಕವನ್ನೂ ಹೀಲ್ ಕಡೆಗೆ ಸರಿಸಿ ನೋಡಲಿ, ಭಾರದ ಕೇಂದ್ರ ಹೊಡೆತದ ಹತ್ತಿರಕ್ಕೆ ಬರುತ್ತದೆ.

ಇಷ್ಟಾದ ಮೇಲೆ ಮೂರು ಸುತ್ತು ಆಡಿ, ಒಂದೇ ಮಾದರಿಯ ಚೆಂಡಿನಲ್ಲಿ, ಏನನ್ನೂ ಬದಲಾಯಿಸದೆ. 42 ಡ್ರೈವ್ ಆಗುತ್ತವೆ. ಪ್ರತಿಯೊಂದಕ್ಕೂ ಸ್ಕೋರ್ ಕಾರ್ಡಿನ ಅಂಚಿನಲ್ಲಿ ಮೂರು ಗುರುತು ಸಾಕು: ಎಲ್ಲಿಗೆ ಹೊರಟಿತು, ಎತ್ತ ಬಾಗಿತು, ಗಾಳಿ ಎತ್ತಣದ್ದು. ಹೊರಟ ದಿಕ್ಕನ್ನು ನಿಮಗಿಂತ ನಿಮ್ಮ ಕ್ಯಾಡಿ ಸರಿಯಾಗಿ ನೋಡಿರುತ್ತಾರೆ. 'ಅಣ್ಣ, ಎಲ್ಲಿಂದ ಶುರುವಾಯ್ತು?' ಎಂದು ಕೇಳಿ, ಅವರ ಕಣ್ಣು ಬಹಳ ಚುರುಕು. ಬಲಕ್ಕೆ ಹೊರಟು ನೇರವಾಗಿ ಹೋಗುವ ಚೆಂಡುಗಳೇ ಹೆಚ್ಚಿದ್ದರೆ ನಿಂತ ದಿಕ್ಕನ್ನು ಮೊದಲು ನೋಡಿ. ಮ್ಯಾಟಿನ ಗೆರೆ ಇಲ್ಲಿಲ್ಲ, ಟೀ ಬಾಕ್ಸೇ ಎಷ್ಟೋ ಕಡೆ ಮರಗಳತ್ತ ಮುಖ ಮಾಡಿರುತ್ತದೆ. ನೇರ ಹೊರಟು ಬಲಕ್ಕೆ ಬಾಗಿದರೆ ಮುಖದ ಫೋಟೊಗಳಿಗೆ ಹೋಲಿಸಿ. ಗುರುತು ಮಧ್ಯದಲ್ಲೇ ಇದ್ದೂ ಬಾಗುತ್ತಿದ್ದರೆ, ಆಗ ಸ್ವಿಂಗ್ ಅಥವಾ ಶಾಫ್ಟಿನ ಮಾತು.

ಶಾಫ್ಟೇ ಸರಿಯಿಲ್ಲ ಎಂದು ಕಂಡರೆ ಫಿಟ್ಟರ್ ಹತ್ತಿರ ಈ ಕಾರ್ಡುಗಳನ್ನೂ ಫೋಟೊಗಳನ್ನೂ ತೆಗೆದುಕೊಂಡು ಹೋಗಿ. ಪರದೆಯ ಮುಂದೆ ಮತ್ತೆ ನಲವತ್ತು ಹೊಡೆಯಬೇಡಿ, ಹೊರಗಿನ ರೇಂಜಿನಲ್ಲಿ ನೋಡೋಣ ಎನ್ನಿ. ಅಲ್ಲಿ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಎರಡು ನಿಮಿಷ ಬಿಡುವು ಕೊಟ್ಟು, ನಡುವೆ ವೆಡ್ಜ್‌ನಲ್ಲಿ (ಹತ್ತಿರದ ಹೊಡೆತದ ಕ್ಲಬ್) ಒಂದು ಹೊಡೆದು, ಪ್ರತಿ ಸಲ ಹೊಸದಾಗಿ ಟೀ ಚುಚ್ಚಿ ಹೊಸದಾಗಿ ದಿಕ್ಕು ನೋಡಿಕೊಂಡು ನಿಲ್ಲಿ. ಹೊರಡುವ ಮೊದಲು ಸ್ಲೀವಿನ ಸ್ಕ್ರೂ ಒಮ್ಮೆ ನೋಡಿಬಿಡಿ. ಟಾರ್ಕ್ ರೆಂಚ್ 'ಟಕ್' ಎನ್ನುವವರೆಗೆ ಬಿಗಿಯಾಗಿಲ್ಲದಿದ್ದರೆ ಹೆಡ್ ಒಳಗೇ ಅಲುಗಾಡುತ್ತಿರುತ್ತದೆ.