ನಾಲ್ಕು ಚಿನ್ನ ಗೆದ್ದವನಿಗೆ ಸಾಮಾನಿನ ಲಿಫ್ಟು

ಅಮೆರಿಕದ ಕರಿಯ ಓಟಗಾರ ಜೆಸ್ಸಿ ಓವೆನ್ಸ್ ಅಂದ್ರೆ ನಮ್ಗೆಲ್ಲ ಗೊತ್ತಿರೋದು ಒಂದೇ ಕತೆ, 1936ರ ಬರ್ಲಿನ್ ಒಲಿಂಪಿಕ್ಸಲ್ಲಿ ಹಿಟ್ಲರ್ ಕಣ್ಮುಂದೆ ನಾಲ್ಕು ಚಿನ್ನ ಹೊಡ್ದ, ಹಿಟ್ಲರ್ ಕೈ ಕುಲುಕದೆ ಎದ್ದು ಹೋದ, ಮುಗೀತು. ನಾನೂ ಸ್ಕೂಲಲ್ಲಿ ಕೇಳಿದ್ದು ಅಷ್ಟೇ. ನಿಜ ಏನಂದ್ರೆ ಮೊದಲ್ನೇ ದಿನ ಹಿಟ್ಲರ್ ತನಗೆ ಬೇಕಾದೋರನ್ನ ಮಾತ್ರ ಕರ್ದು ಕೈ ಕುಲುಕಿದ್ದಕ್ಕೆ ಒಲಿಂಪಿಕ್ ಕಮಿಟಿಯವ್ರು, ಕುಲುಕಿದ್ರೆ ಗೆದ್ದೋರೆಲ್ಲರದ್ದೂ ಕುಲುಕಿ, ಇಲ್ಲಾಂದ್ರೆ ಯಾರದ್ದೂ ಬೇಡ ಅಂದ್ರು, ಅಲ್ಲಿಗೆ ಅದು ನಿಂತೋಯ್ತು. ಓವೆನ್ಸ್ ಮೊದಲ್ನೇ ಚಿನ್ನ ಗೆದ್ದಿದ್ದೇ ಅದರ ಮಾರನೇ ದಿನ.

ಹಾಗಂತ ಆ ಗೆಲುವೇನು ಸಣ್ಣದಾ? ಕರಿಯರು ಕೀಳು, ಆರ್ಯರೇ ಮೇಲು ಅಂತ ಸರ್ಕಾರವೇ ಸಾರುತ್ತಿದ್ದ ದೇಶದಲ್ಲಿ, ಅಲಬಾಮಾದ ಗೇಣಿ ಹೊಲದಲ್ಲಿ ಹತ್ತಿ ಬಿಡಿಸ್ತಿದ್ದ ಮನೆಯ ಹುಡುಗ, ಗುಲಾಮರ ಮೊಮ್ಮಗ, 100 ಮೀಟರ್ 10.3 ಸೆಕೆಂಡು, 200 ಮೀಟರ್ 20.7. ಆಗ ಒಲಿಂಪಿಕ್ಸಲ್ಲಿ ಸ್ಟಾರ್ಟಿಂಗ್ ಬ್ಲಾಕೂ ಇರ್ಲಿಲ್ಲ ಕಣ್ರೀ. ಬೂದಿ ಹಾಸಿದ ಟ್ರ್ಯಾಕಲ್ಲಿ ಕುಕ್ಕರಗಾಲಲ್ಲಿ ಕೂತು, ಪುಟ್ಟ ಕರಣೆಯಲ್ಲಿ ಕಾಲೂರೋಕೆ ಗುಳಿ ತಾನೇ ತೋಡ್ಕೊಂಡು ಅಲ್ಲಿಂದ ಓಡ್ಬೇಕು.

ಲಾಂಗ್ ಜಂಪಂತೂ ಎಷ್ಟು ಸಲ ಓದಿದ್ರೂ ಮೈ ಜುಮ್ ಅನ್ನುತ್ತೆ. ಜರ್ಮನಿಯ ಲುಟ್ಸ್ ಲಾಂಗ್ ಐದ್ನೇ ಸುತ್ತಲ್ಲಿ 7.87 ಮೀಟರ್ ಹಾರಿ ಓವೆನ್ಸ್‌ಗೆ ಸಮ ಮಾಡ್ದ, ಓವೆನ್ಸ್ ತಕ್ಷಣ 7.94, ಕೊನೇದು 8.06. ಸೋತ ಲಾಂಗೇ ಎಲ್ಲರಿಗಿಂತ ಮೊದ್ಲು ಬಂದು, ಹಿಟ್ಲರ್ ಕೂತಿದ್ದ ಅದೇ ಸ್ಟೇಡಿಯಮ್ಮಲ್ಲಿ ಅಭಿನಂದಿಸ್ದ. ಪದಕ ಕೊಡೋ ಫೋಟೋ ನೋಡಿ ಒಂದ್ಸಲ, ಓವೆನ್ಸ್ ಹಣೆಗೆ ಕೈಯಿಟ್ಟು ಸೆಲ್ಯೂಟ್ ಹೊಡೀತಿದಾನೆ, ಹಿಂದೆ ಲಾಂಗ್ ಕೈ ನೀಟಾಗಿ ಮುಂದಕ್ಕೆ ಚಾಚಿದೆ, ನಾಜಿ ಸೆಲ್ಯೂಟು. ಗೆದ್ದವನಿಗೆ ಚಾಚಿದ್ದೂ ಅದೇ ಕೈ. ನಂಗೆ ಆ ಫೋಟೋದಿಂದ ಕಣ್ಣು ಕೀಳೋಕಾಗಲ್ಲ. ಲಾಂಗ್ 1943ರಲ್ಲಿ ಸಿಸಿಲಿಯ ಯುದ್ಧದಲ್ಲಿ ಸತ್ತೋದ ಪಾಪ.

ನಾಲ್ಕನೇ ಚಿನ್ನ ರಿಲೇದು. ಅದ್ರಲ್ಲಿ ಓಡ್ಬೇಕಿದ್ದ ಮಾರ್ಟಿ ಗ್ಲಿಕ್‌ಮನ್, ಸ್ಯಾಮ್ ಸ್ಟೋಲರ್ ಇಬ್ರೂ ಯಹೂದಿಗಳು, ಓಟದ ದಿನ ಬೆಳಿಗ್ಗೆ ಅವರನ್ನ ತೆಗೆದ್ರು. ತೆಗೆದಿದ್ದು ಅಮೆರಿಕದ ಕೋಚ್‌ಗಳೇ! ಓವೆನ್ಸು, ನಂಗೆ ಮೂರು ಸಾಕು, ಅವ್ರೇ ಓಡ್ಲಿ ಅಂದ್ರೂ ಕೇಳ್ಲಿಲ್ಲ ಅಂತ ಗ್ಲಿಕ್‌ಮನ್ನೇ ಆಮೇಲೆ ಹೇಳಿದ್ದಾರೆ.

ನಂಗೆ ಹೊಟ್ಟೆ ಉರಿಯೋದು ಇನ್ಮುಂದಿನದಕ್ಕೆ. ನ್ಯೂಯಾರ್ಕಲ್ಲಿ ಕಾಗದದ ಚೂರು ಸುರಿಸಿ ಮೆರವಣಿಗೆ ಮಾಡಿದ್ರು, ಅವ್ನಿಗೋಸ್ಕರ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಲ್ಲಿ ಪಾರ್ಟಿ ಇಟ್ಟು, ಆ ಪಾರ್ಟಿಗೆ ಅವ್ನನ್ನೇ ಸಾಮಾನು ಸಾಗಿಸೋ ಲಿಫ್ಟಲ್ಲಿ ಮೇಲಕ್ಕೆ ಕಳ್ಸಿದ್ರು. ಮೂಟೆ, ಪಾತ್ರೆ ಹೋಗೋ ಲಿಫ್ಟು. ಓಹಾಯೋದಲ್ಲಿ ಓದೋವಾಗ ಖರ್ಚಿಗೆ ಅಂತ ಅವ್ನು ಮಾಡ್ತಿದ್ದಿದ್ದೂ ಲಿಫ್ಟ್ ಆಪರೇಟರ್ ಕೆಲ್ಸಾನೇ, ಕ್ಯಾಂಪಸ್ ಹಾಸ್ಟೆಲಲ್ಲಿ ಕರಿಯ ಅನ್ನೋ ಕಾರಣಕ್ಕೆ ರೂಮಿರ್ಲಿಲ್ಲ. ವಿಶ್ವದಾಖಲೆ ಮೇಲೆ ದಾಖಲೆ ಮಾಡ್ತಿದ್ದ ಹುಡುಗನಿಗೆ! ರೂಸ್ವೆಲ್ಟ್ ಒಂದು ಟೆಲಿಗ್ರಾಂ ಕೂಡ ಕಳಿಸ್ಲಿಲ್ಲ. ನನ್ನನ್ನ ಕಡೆಗಣಿಸಿದ್ದು ಹಿಟ್ಲರ್ ಅಲ್ಲ, ನಮ್ಮ ಅಧ್ಯಕ್ಷರು ಅಂತ ಓವೆನ್ಸೇ ಹೇಳಿದ್ದ. ಹೊಟ್ಟೆಪಾಡಿಗೆ ಕುದುರೆ ಜೊತೆ ಓಡೋ ಪ್ರದರ್ಶನ ಕೊಟ್ಟ, ಅದನ್ನ ಅವಮಾನ ಅಂದೋರಿಗೆ, ನಾಲ್ಕು ಚಿನ್ನದ ಪದಕ ತಿನ್ನೋಕಾಗಲ್ಲವಲ್ಲ ಅಂದ.

ಗೌರವ ಬಂತು, ಯಾವಾಗ? ಅಮೆರಿಕದ ದೊಡ್ಡ ನಾಗರಿಕ ಪುರಸ್ಕಾರ, ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ, ಅಧ್ಯಕ್ಷ ಫೋರ್ಡ್ ಕೈಯಿಂದ ಸಿಕ್ಕಿದ್ದು 1976ರಲ್ಲಿ, ಬರ್ಲಿನ್ ಆಗಿ 40 ವರ್ಷಕ್ಕೆ. 1980ರಲ್ಲಿ ಶ್ವಾಸಕೋಶದ ಕ್ಯಾನ್ಸರಲ್ಲಿ ತೀರ್ಕೊಂಡ. ಬರ್ಲಿನ್‌ನವ್ರು 1984ರಲ್ಲಿ ಅದೇ ಸ್ಟೇಡಿಯಂ ಪಕ್ಕದ ರಸ್ತೆಗೆ ಅವನ ಹೆಸರಿಟ್ರು. 1936ರಲ್ಲಿ ಅವನ ಜೊತೆ ಇನ್ನೂ 17 ಕರಿಯ ಅಮೆರಿಕನ್ ಕ್ರೀಡಾಪಟುಗಳಿದ್ರು, 200 ಮೀಟರಲ್ಲಿ ಅವನ ಹಿಂದೇನೇ ಬಂದು ಬೆಳ್ಳಿ ಗೆದ್ದ ಮ್ಯಾಕ್ ರಾಬಿನ್ಸನ್ ಥರದೋರು, ಅವ್ರ ಮನೆಯವರನ್ನ ವೈಟ್ ಹೌಸಿಗೆ ಕರೆದಿದ್ದು ಒಬಾಮಾ, 2016ರಲ್ಲಿ. 80 ವರ್ಷ!

ಅಮೆರಿಕ ಸಂಸತ್ತಿನ ಚಿನ್ನದ ಪದಕ 1990ರಲ್ಲಿ ಬಂತು. ಓವೆನ್ಸ್ ಹೋಗಿ ಹತ್ತು ವರ್ಷ ಆಗಿತ್ತು, ಬುಷ್ ಕೈಯಿಂದ ಅದನ್ನ ಇಸ್ಕೊಂಡಿದ್ದು ಹೆಂಡ್ತಿ ರೂತ್.