ಸ್ಪಷ್ಟನೆ: ಸಾಸುಕೆಯಲ್ಲಿ ಪ್ರತಿ ಸಲ ಒಬ್ಬ ಗೆಲ್ಲಲೇಬೇಕು ಅಂತೇನಿಲ್ಲ

‘ಅಡೆತಡೆ ಓಟದ ಶೋಗಳಲ್ಲಿ ಕೊನೆಗೆ ಒಬ್ಬರನ್ನು ಗೆಲ್ಲಿಸಲೇಬೇಕು, ಇಲ್ಲದಿದ್ದರೆ ಟಿವಿ ಮುಂದೆ ಯಾರೂ ಕೂರಲ್ಲ’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು.

ಇಂಥ ಶೋಗಳಿಗೆ ದಾರಿ ತೋರಿಸಿದ ಜಪಾನಿನ ‘ಸಾಸುಕೆ’ 1997ರಲ್ಲಿ ಶುರುವಾಯಿತು. ಸಾಮಾನ್ಯವಾಗಿ 100 ಜನ ಇಳಿಯುತ್ತಾರೆ, ಒಟ್ಟು 4 ಹಂತ. ಹೆಚ್ಚಿನ ಸಲ ಒಬ್ಬರೂ ಪೂರ್ತಿ ಮುಗಿಸಿಲ್ಲ. ಮೊದಲು ಮುಗಿಸಿದ್ದು ಕಜುಹಿಕೊ ಅಕಿಯಾಮಾ, 1999ರಲ್ಲಿ. ಮುಂದಿನವರಿಗಾಗಿ ಜನ 2006ರವರೆಗೆ ಕಾದರು. ಆಗ ಗೆದ್ದ ಮಕೊಟೊ ನಗಾನೊ ಮೀನುಗಾರ. ಯಾರಾದರೂ ಗೆದ್ದರೆ ತಯಾರಕರು ಸುಮ್ನೆ ಕೂರಲ್ಲ, ಹಾದಿಯನ್ನು ಇನ್ನಷ್ಟು ಕಷ್ಟ ಮಾಡುತ್ತಾರೆ.

ಅಮೆರಿಕದ ‘ಅಮೆರಿಕನ್ ನಿಂಜಾ ವಾರಿಯರ್’ ಕತೆಯೂ ಅಷ್ಟೇ. ಮೊದಲ 6 ಸೀಸನ್ ಯಾರೂ ಮುಗಿಸಲಿಲ್ಲ. 2015ರಲ್ಲಿ ಜೆಫ್ ಬ್ರಿಟನ್ ಕೊನೆಯ ಹಂತದ 75 ಅಡಿ ಹಗ್ಗವನ್ನು 30 ಸೆಕೆಂಡ್ ಗಡುವಿನೊಳಗೆ, ಕೂದಲೆಳೆ ಅಂತರದಲ್ಲಿ ಹತ್ತಿದರು. ಆಮೇಲೆ ಐಸಾಕ್ ಕಾಲ್ಡಿಯೆರೊ ಇನ್ನೂ ಬೇಗ ಹತ್ತಿ 10 ಲಕ್ಷ ಡಾಲರ್ ಒಯ್ದರು. ಬ್ರಿಟನ್‌ಗೆ ಪಾಪ, ಆ ಹಣದಲ್ಲಿ ಪಾಲೇ ಸಿಗಲಿಲ್ಲ!

ಕೈ ಜಾರಿದರೆ ನೀರಿಗೆ, ಅಲ್ಲಿಗೆ ಆಟ ಮುಗಿಯಿತು. ನೋಡುಗರನ್ನು ಹಿಡಿದಿಡೋದು ಇದೇ, ಜೊತೆಗೆ ಬಿದ್ದವರೇ ಮತ್ತೆ ಬರುವುದು. ಸಾಸುಕೆಯ ಕತ್ಸುಮಿ ಯಮದಾ ಒಮ್ಮೆಯೂ ಗೆಲ್ಲಲಿಲ್ಲ, ಆದರೂ ಅಲ್ಲಿನ ಜನ ಅವರನ್ನು ಮರೆತಿಲ್ಲ.