ಇ-ಖಾತೆ ಇದ್ದರೆ ಒಸಿ ಬೇಡವೇ? ಸತ್ಯಾಂಶ

ತುಮಕೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ: "ಇ-ಖಾತೆ, ಕಂದಾಯ ರಸೀದಿ, ಟ್ರೇಡ್ ಲೈಸೆನ್ಸ್ ಇದ್ದರೆ ಸಾಕು, ವಾಣಿಜ್ಯ ಕಟ್ಟಡಕ್ಕೆ ಒಸಿ ಬೇಕಿಲ್ಲ."

ಇದು ತಪ್ಪು. ಖಾತೆ ತೆರಿಗೆಯ ಲೆಕ್ಕ, ಟ್ರೇಡ್ ಲೈಸೆನ್ಸ್ ವ್ಯಾಪಾರದ ಅನುಮತಿ. ಕಟ್ಟಡ ನಕ್ಷೆಯಂತೆ ಎದ್ದಿದೆಯೇ ಎಂದು ಎರಡೂ ಹೇಳುವುದಿಲ್ಲ; ಅದನ್ನು ಹೇಳುವುದು ಸ್ವಾಧೀನಾನುಭವ ಪತ್ರ, ಅಂದರೆ ಒಸಿ. ಕರ್ನಾಟಕ ಮಹಾನಗರ ಪಾಲಿಕೆ ಕಾಯ್ದೆ 1976ರ 310ನೇ ಕಲಂ ಪ್ರಕಾರ, ಕೆಲಸ ಮುಗಿದ ಒಂದು ತಿಂಗಳೊಳಗೆ ಆಯುಕ್ತರಿಗೆ ಲಿಖಿತವಾಗಿ ತಿಳಿಸಬೇಕು, ಅನುಮತಿ ಪಡೆದೇ ಬಳಸಬೇಕು. 30 ದಿನದಲ್ಲಿ ನಿರಾಕರಣೆ ಬಾರದಿದ್ದರೆ ಬಳಸಬಹುದೆಂದೂ ಅದೇ ಕಲಂ ಹೇಳುತ್ತದೆ. ಆದ್ದರಿಂದ ಆ ಪತ್ರದ ಸ್ವೀಕೃತಿ ಮುದ್ರೆಯಿರುವ ಪ್ರತಿಯನ್ನು ಜೋಪಾನ ಮಾಡಿ.

ಒಸಿ ಪಡೆಯಲು ಮಂಜೂರಾದ ನಕ್ಷೆ, ಕೆಲಸ ಪೂರ್ಣಗೊಂಡಿದೆ ಎಂಬ ಎಂಜಿನಿಯರ್ ಸಹಿಯ ಪ್ರಮಾಣಪತ್ರ, ಲಿಫ್ಟ್ ಇದ್ದರೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್, ಎತ್ತರದ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ಪತ್ರ ಸಿದ್ಧವಿರಲಿ.

ಸಾಮಾನ್ಯವಾಗಿ ಎಡವುವುದು ಕಾಗದದಲ್ಲಲ್ಲ, ಜಾಗದಲ್ಲಿ. ನಕ್ಷೆಯಲ್ಲಿ ಪಾರ್ಕಿಂಗ್ ಎಂದಿದ್ದ ನೆಲಮಾಳಿಗೆ ಗೋಡೌನ್ ಆಗಿರುತ್ತದೆ. ಸೆಟ್‌ಬ್ಯಾಕ್‌ಗೆ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗಕ್ಕೆ) ಶೀಟು ಹೊದಿಸಿ ಮತ್ತೊಂದು ಅಂಗಡಿ! ಮೆಟ್ಟಿಲೂ ಅಷ್ಟೇ: ರಾಷ್ಟ್ರೀಯ ಕಟ್ಟಡ ಸಂಹಿತೆ ಮಳಿಗೆ-ಕಚೇರಿಗಳಿಗೆ 1.5 ಮೀಟರ್ ಅಗಲ ಕೇಳುತ್ತದೆ, ಕಟ್ಟಿದ ಮೇಲೆ ಅದನ್ನು ಹಿಗ್ಗಿಸುವುದು ಸುಲಭವಲ್ಲ. ಗಾಲಿಕುರ್ಚಿಯ ರ‍್ಯಾಂಪ್ 1:12ಕ್ಕಿಂತ ಕಡಿದಾಗಿರಬಾರದು, ಅಂದರೆ ಒಂದು ಅಡಿ ಏರಲು 12 ಅಡಿ ಉದ್ದ.

"ಕರೆಂಟ್ ಮೀಟರ್ ಬಂದಿದೆಯಲ್ಲ" ಎಂಬ ವಾದವೂ ನಿಲ್ಲದು. ಒಸಿ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ.